ಅಟ್ಟಣಿಗೆಯಿಂದ ಕಂಡ ಕೈ

ಎಲ್ಮ್‌ಫೋರ್ಡ್, ಮಸಾಚುಸೆಟ್ಸ್
ಮಾರ್ಚ್ ೨೮, ೧೭೮೧

ನನ್ನ ಕೆಟೂರಾ,

ಓದುವ ಮೊದಲು ಬಾಗಿಲು ಹಾಕಿಕೊ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ತಗಡಿನ ಪಾತ್ರೆ ಮಾರುವ ಈನಸ್ ಬಾಣಲೆಗಳ ಕೆಳಗೆ ಬಚ್ಚಿಟ್ಟು ತಂದುಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಮನುಷ್ಯ ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಏನ್ ಟಾಮಾರಕ್ಕ, ನಿಂಗೆ ಬರೆಯೋಕೂ ಬರುತ್ತಾ? ಪಾತ್ರೆ ತಿಕ್ಕೋ ಕೈ ಅಂತ ತಿಳ್ಕೊಂಡಿದ್ದೆ!" ಎಂದು ಅಂಗಳದಲ್ಲೇ ಕೂಗಿದ. ನನ್ನ ಜೀವ ಅಲ್ಲೇ ಅರ್ಧ ಹೋಯಿತು. ನನಗೆ ಅಕ್ಷರ ಬರುತ್ತದೆಂದು ನಿನ್ನ ಹೊರತು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತೀರಿಕೊಂಡ ಹಿರಿಯ ಅಮ್ಮನವರು ಬೈಬಲ್ ಓದಲೆಂದು ಕಲಿಸಲು ಹಿಡಿದಿದ್ದರು, ಅರ್ಧಕ್ಕೇ ಕಣ್ಣು ಮುಚ್ಚಿದರು. ಉಳಿದದ್ದನ್ನು ಹಿಟ್ಟಿನ ಮೇಲೆ ಬೆರಳಲ್ಲಿ ಬರೆದು, ಅಳಿಸಿ, ನಾನೇ ಕಲಿತೆ, ನಿನಗೂ ಕಲಿಸಿದೆ. ತಪ್ಪಿದ್ದರೆ ನಗಬೇಡ.

ನೀನು ಹಿಮದಲ್ಲಿ ನಡೆದುಕೊಂಡು ಹಾರ್ಲೋ ಊರಿಗೆ ಹೋದ ದಿನದಿಂದ ನನಗೆ ನಿದ್ದೆಯಿಲ್ಲ. ಹೋಗುತ್ತೇನೆಂದು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನಿನ್ನ ಕಾಲು ಹಿಡಿದಾದರೂ ಹೋಗಲು ಬಿಡುತ್ತಿರಲಿಲ್ಲ ಎಂದು ನಿನಗೆ ಗೊತ್ತಿತ್ತು. ಯಜಮಾನರು ನಿನ್ನನ್ನು ಕರೆತರಲು ಹೋದವರು ಬರಿಗೈಯಲ್ಲಿ ಬಂದರು. ತೀರ್ಪಾಗುವ ತನಕ ಹುಡುಗಿ ವಕೀಲ ಬೀಮನ್ನರ ಮನೆಯಲ್ಲೇ ಇರಬೇಕೆಂದು ಕೋರ್ಟು ಆಜ್ಞೆ ಕೊಟ್ಟಿದೆಯಂತೆ. ತೀರ್ಪು ಯಾವುದರದು ಎಂದು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಾಗ ನನ್ನ ಕೈಯಲ್ಲಿದ್ದ ಗಂಜಿಯ ಪಾತ್ರೆ ಬಿತ್ತು. ನಮ್ಮ ಯಜಮಾನರಾದ ಸ್ಕ್ವೈರ್ ಥರ್ಲೋ ಅವರ ಮೇಲೆ ನೀನು, ನಾನು ಹೆತ್ತ ಮಗಳು, ದಾವೆ ಹಾಕಿದ್ದೀಯೆ! ನಾನು ಸ್ವತಂತ್ರಳು, ಅವರ ಸ್ವತ್ತಲ್ಲ ಎಂದು!

ಅವರು ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಬೈಯಲಿಲ್ಲ. ಮೂರು ಹೊತ್ತೂ ಮೇಜಿನ ಹತ್ತಿರ ಕೂತು ನಾನು ಬಡಿಸುವ ಕೈಯನ್ನೇ ನೋಡುತ್ತಾರೆ. ನಿನ್ನೆ "ಹುರುಳಿ ಚೆನ್ನಾಗಿದೆ, ಟಾಮಾರ್" ಎಂದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಅಂದವರಲ್ಲ. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತಿಲ್ಲ.

ಬಂದುಬಿಡು ಕೆಟೂ. ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವ ಕಾಲ ಬಂದಿದೆ, ಕೆಲಸಕ್ಕೆ ಕೈ ಸಾಲದೆಂದು ಬಂದೆ ಎಂದು ಹೇಳು. ಅಮ್ಮನವರ ಕಾಲಿಗೆ ನಾನು ಬೀಳುತ್ತೇನೆ.

ನಿನ್ನ ಅಮ್ಮ
ಟಾಮಾರ್


ಹಾರ್ಲೋ
ಏಪ್ರಿಲ್ ೧೯, ೧೭೮೧

ಅಮ್ಮಾ,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಹಾಕಿದೆ ಎಂದು ಸುಳ್ಳು ಬರೆಯುವುದಕ್ಕಿಂತ ಇದೇ ಮೇಲು. ಅದು ನನ್ನ ಒಳಂಗಿಯೊಳಗಿದೆ.

ನಾನು ಚೆನ್ನಾಗಿದ್ದೇನೆ. ಬೀಮನ್ನರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಅವರ ಹೆಂಡತಿ ಮೊದಲ ದಿನ ಎಲ್ಲಿ ಮಲಗಿಸಬೇಕೆಂದು ತಿಳಿಯದೆ ಮಹಡಿ ಹತ್ತಿ ಇಳಿದು ಹತ್ತಿ ಇಳಿದು, ಕೊನೆಗೆ "ನಿಂಗೆಲ್ಲಿ ಅನುಕೂಲ ಅನ್ಸುತ್ತೋ ಅಲ್ಲಿ ಮಲಕ್ಕೊಳಮ್ಮ" ಎಂದರು. ಯಾವತ್ತೂ ಯಾರೂ ಕೇಳಿರಲಿಲ್ಲವಲ್ಲ. ಒಲೆಯ ಪಕ್ಕ ಎಂದೆ.

ಈ ಯೋಚನೆ ಎಲ್ಲಿಂದ ಬಂತು ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಯಜಮಾನರ ಬಾಯಿಂದಲೇ ಬಂತು. ಸಮುದ್ರದಾಚೆಯ ಪಂಡಿತರ ಆ ದಪ್ಪ ಪುಸ್ತಕಗಳನ್ನು ತೆಗೆದು ಊಟದ ಮೇಜಿನಲ್ಲಿ ಅವರು ಓದುತ್ತಿದ್ದದ್ದು ನಿನಗೂ ನೆನಪಿರಬೇಕು. ಇಂಗ್ಲೆಂಡಿನ ರಾಜನ ಮೇಲೆ ಸಿಟ್ಟು ಬಂದಾಗಲೆಲ್ಲ ಓದುತ್ತಿದ್ದರು. ಹಕ್ಕನ್ನು ರಾಜ ಕೊಡುವುದಲ್ಲ, ಮನುಷ್ಯ ಹುಟ್ಟುವಾಗಲೇ ತರುತ್ತಾನೆ. ಆಳುವವನ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬರಬೇಕು, ಒಪ್ಪಿಗೆ ಇಲ್ಲದ್ದು ಬರೀ ದಬ್ಬಾಳಿಕೆ. ಹುಟ್ಟಿದ ಮಗುವಿನ ಮನಸ್ಸು ಖಾಲಿ ಕಾಗದ. ನಾನು ಅವರ ಬೆನ್ನ ಹಿಂದೆ ಸೇಬಿನ ಸೈಡರ್ ಹೂಜಿ ಹಿಡಿದು ನಿಂತಿರುತ್ತಿದ್ದೆ. ಖಾಲಿ ಕಾಗದಕ್ಕೆ ಬಣ್ಣ ಯಾವುದು ಎಂದು ಕೇಳಬೇಕೆನಿಸುತ್ತಿತ್ತು. ಹೂಜಿ ತುಂಬಿಸಿಕೊಂಡು ಬರಲು ಹೋಗುತ್ತಿದ್ದೆ.

ಹೋದ ವರ್ಷ ನಮ್ಮ ರಾಜ್ಯಕ್ಕೆ ಹೊಸ ಸಂವಿಧಾನ ಬಂತಲ್ಲ, ಅದರ ಮೊದಲ ಕಲಮನ್ನೂ ಅವರೇ ಓದಿದರು: ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು. ಓದಿ, ಕನ್ನಡಕ ತೆಗೆದು, "ಕೆಟೂರಾ, ಇನ್ನೊಂದು ಲೋಟ" ಎಂದರು.

ಅಷ್ಟೇ ಅಮ್ಮ. ಬೀಮನ್ನರ ಹತ್ತಿರ ಹೋಗಿ ನಾನು ಕೇಳಿದ್ದು ಒಂದೇ ಮಾತು. "ಸ್ವಾಮಿ, ನಾನು ಮೂಕ ಪ್ರಾಣಿಯಲ್ಲ. ಆ ಮಾತು ನನಗೂ ಸೇರುತ್ತೋ ಇಲ್ಲವೋ?" ಅವರು "ಹನ್ನೆರಡು ಜನರ ಜ್ಯೂರಿ ಮುಂದೆ ಕೇಳಿ ನೋಡೋಣಮ್ಮ" ಎಂದರು.

ನೀನು ಊಟ ಮಾಡುತ್ತಿದ್ದೀಯಾ?

ನಿನ್ನ ಮಗಳು
ಕೆಟೂರಾ


ಎಲ್ಮ್‌ಫೋರ್ಡ್
ಮೇ ೧೪, ೧೭೮೧

ಕೆಟೂ,

ಒಳಂಗಿಯಲ್ಲಿಟ್ಟುಕೊಂಡರೆ ಒಗೆಯುವಾಗ ಯಾರಾದರೂ ನೋಡುವುದಿಲ್ಲವೇ? ಯೋಚನೆ ಬೇಡವೇ ನಿನಗೆ?

ಊಟ ಸೇರುತ್ತಿಲ್ಲ. ಎಷ್ಟು ಯೋಚಿಸಿದರೂ ಒಂದೇ ಕಡೆ ಬಂದು ನಿಲ್ಲುತ್ತೇನೆ. ಈ ಊರಲ್ಲಿ ಸಣ್ಣಪುಟ್ಟ ನ್ಯಾಯ ಹೇಳುವವರು ಯಜಮಾನರು. ಬೋಸ್ಟನ್ನಿನ ಸಭೆಗೆ ಕಾನೂನು ಮಾಡಲು ಹೋಗುವವರೂ ಯಜಮಾನರು. ಎಲ್ಲರ ಜೋಳ ಬೀಸುವ ಗಿರಣಿಯೂ ಅವರದು. ಬೆಕ್ಕಿನ ಮೇಲೆ ಇಲಿ ದೂರು ಕೊಟ್ಟರೆ ವಿಚಾರಿಸುವುದು ಬೆಕ್ಕೇ ಅಲ್ಲವೇ? ನಿನ್ನ ವಕೀಲರು ಚೆನ್ನಾಗಿ ಮಾತಾಡಿ ಮನೆಗೆ ಹೋಗುತ್ತಾರೆ. ನೀನು ಎಲ್ಲಿಗೆ ಹೋಗುತ್ತೀ?

ಆ ಕಲಮಿನ ಸುದ್ದಿ ನನಗೆ ಹೇಳಬೇಡ. ನೀನು ಮೇಜಿನ ಹತ್ತಿರ ಒಂದು ಸಲ ಕೇಳಿದೆ. ನಾನು ಅದನ್ನು ಇಡೀ ದಿನ, ಬೆನ್ನು ಮುರಿದುಕೊಂಡು, ಪಾರಿವಾಳದ ಹಿಕ್ಕೆಯ ಮಧ್ಯೆ ಕೂತು ಕೇಳಿದವಳು. ನಿನಗೆ ಹೇಳಿರಲಿಲ್ಲ, ಹೇಳಿದರೆ ನಗುತ್ತೀ ಎಂದು. ನಿನ್ನ ಅಪ್ಪ ಸತ್ತ ಮೇಲೆ ಪ್ರಾರ್ಥನಾಮಂದಿರ ಗುಡಿಸುವ ಕೆಲಸ ನನಗೇ ಬಿತ್ತಲ್ಲ. ಹೋದ ವರ್ಷ ಇದೇ ಮೇ ತಿಂಗಳು, ಮೇಲೆ ನಮ್ಮ ಕಪ್ಪು ಜನ ಕೂರುವ ಅಟ್ಟಣಿಗೆಯನ್ನು ಗುಡಿಸುತ್ತಿದ್ದೆ. ಕೆಳಗೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ತುಂಬಿಬಿಟ್ಟರು. ಊರಸಭೆಯೂ ಸೇರುವುದು ಅಲ್ಲೇ, ಆದರೆ ಅಂದೇ ಎಂದು ನನಗೆ ಯಾರು ಹೇಳುತ್ತಾರೆ? ಇಳಿದು ಬರಬೇಕೆಂದರೆ ಆ ಮೆಟ್ಟಿಲು ಕಿರ್ ಎನ್ನುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಇಳಿಯಲು ಧೈರ್ಯ ಬರಲಿಲ್ಲ. ಪೊರಕೆ ತಬ್ಬಿಕೊಂಡು ಕಟಕಟೆಯ ಹಿಂದೆ ಕೂತೆ. ಅವರು ಆ ಸಂವಿಧಾನವನ್ನು ಒಂದೊಂದು ಕಲಮಾಗಿ ಓದುವುದು, ಒಪ್ಪುವವರು ಕೈ ಎತ್ತಿ, ಒಪ್ಪದವರು ಕೈ ಎತ್ತಿ ಎನ್ನುವುದು. ಮುಗಿಯುವ ಹೊತ್ತಿಗೆ ನನ್ನ ಕಾಲು ನನ್ನದಾಗಿರಲಿಲ್ಲ.

ಆ ದಿನ ನನಗೆ ಸಂವಿಧಾನದ ಭಯವಲ್ಲ, ಅಂಗಿಯ ಭಯ. ಬೆಳಿಗ್ಗೆ ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಹಾಕುವಾಗ ಬಲಗೈ ಮುಂಗೈಪಟ್ಟಿಯನ್ನು ಸುಟ್ಟುಬಿಟ್ಟಿದ್ದೆ. ಓಕ್ ಎಲೆಯಷ್ಟು ಕಂದು ಕಲೆ. ಕೋಟಿನೊಳಗೆ ಮುಚ್ಚಿಹೋಗುತ್ತದೆಂದು ದೇವರ ಮೇಲೆ ಭಾರ ಹಾಕಿ ತೊಡಿಸಿ ಕಳಿಸಿದ್ದೆ. ಮೊದಲ ಕಲಮು ಓದಿ ಒಪ್ಪುವವರು ಎಂದದ್ದೇ ತಡ, ಎಲ್ಲರಿಗಿಂತ ಮೊದಲು ಮುಂದಿನ ಸಾಲಿನಿಂದ ಯಜಮಾನರ ಕೈ ಮೇಲೆದ್ದಿತು, ಕೋಟಿನ ತೋಳು ಜಾರಿತು, ನನ್ನ ಕಲೆ ಊರಿಗೆಲ್ಲ ಕಂಡುಬಿಡುತ್ತದೇನೋ ಎನ್ನುವ ಹಾಗೆ ಬಾವುಟದಂತೆ ನಿಂತಿತು. ಅಯ್ಯೋ! ಕೈ ಇಳಿಸಲಿ ದೇವರೇ, ಇಳಿಸಲಿ ಎಂದು ಜಪ ಮಾಡಿದೆ.

ಆಮೇಲೆ ನಗುವೂ ಬಂತು. ತೂಕಡಿಸುವವರನ್ನು ಉದ್ದನೆಯ ಕೋಲಿನಲ್ಲಿ ತಿವಿದು ಎಬ್ಬಿಸುವ ಹಾಬ್ಸ್ ಇದ್ದಾನಲ್ಲ, ಭಾನುವಾರದ ಅಭ್ಯಾಸ ಊರಸಭೆಯಲ್ಲೂ ಬಿಟ್ಟಿರಲಿಲ್ಲ. ಮುದುಕ ಗಿಡಿಯನ್ ಪ್ರ್ಯಾಟ್ ಗೊರಕೆ ಹೊಡೆಯುತ್ತಿದ್ದ. ಅದೇ ಕಲಮಿಗೆ ಒಪ್ಪದವರು ಎಂದು ಕೇಳುವ ಹೊತ್ತಿಗೆ ಸರಿಯಾಗಿ ಹಾಬ್ಸ್ ತಿವಿದ. ಪಾಪ, ಮುದುಕ ಬೆಚ್ಚಿ ಎದ್ದು ನಾನೂ ಇದ್ದೇನೆ ಎನ್ನುವ ಹಾಗೆ ಕೈ ಎತ್ತಿದ! ಕೆಳಗಿನವರಿಗೆ ಗೊತ್ತಾಗಲಿಲ್ಲ. ಅವರ ಆಸನಗಳ ಸುತ್ತ ಕೂತವರ ತಲೆಮಟ್ಟದ ಹಲಗೆ, ಎದ್ದ ಕೈ ಕಂಡರೂ ಅದು ಯಾರದೆಂದು ತಿಳಿಯುವುದಿಲ್ಲ. ಒಂದು ಕೈ ವಿರೋಧ ಎಂದು ಬರೆದುಕೊಂಡು ಮುಂದೆ ಹೋದರು. ನಾನು ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಗು ತಡೆದೆ. ಆ ಚಳಿಗಾಲದಲ್ಲೇ ಗಿಡಿಯನ್ ಹೋಗಿಬಿಟ್ಟ.

ಇರಲಿ. ಬಂದುಬಿಡು ಮಗಳೇ.

ಟಾಮಾರ್


ಹಾರ್ಲೋ
ಮೇ ೩೦, ೧೭೮೧

ಅಮ್ಮಾ,

ಈ ಕಾಗದ ಓದುವಾಗ ಕೂತುಕೊ.

ಮೊದಲು ಬೆಕ್ಕು ಇಲಿಯ ಮಾತು. ಬೀಮನ್ನರಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು. ಅದೇ ಪಂಡಿತರು ಇದೇ ಭಯಪಟ್ಟವರಂತೆ. ಕಾನೂನು ಮಾಡುವವನೂ, ಜಾರಿ ಮಾಡುವವನೂ, ತೀರ್ಪು ಹೇಳುವವನೂ ಒಬ್ಬನೇ ಆದರೆ ಬಡವನಿಗೆ ಉಳಿಗಾಲವಿಲ್ಲ ಎಂದು. ಅದಕ್ಕೇ ಹೊಸ ಸಂವಿಧಾನದಲ್ಲಿ ಮೂರನ್ನೂ ಬೇರೆ ಬೇರೆ ಮಾಡಿಟ್ಟಿದ್ದಾರೆ. ಬೋಸ್ಟನ್ನಿನಲ್ಲಿ ಯಜಮಾನರು ಏನೇ ಆಗಿರಲಿ, ಇಲ್ಲಿನ ಜ್ಯೂರಿಯ ಕೋಣೆಯೊಳಗೆ ಅವರು ಕಾಲಿಡುವಂತಿಲ್ಲ. ನೀನು ಹಿಟ್ಟಿನ ಮೇಲೆ ಅಕ್ಷರ ಕಲಿತವಳು ಆ ಪಂಡಿತರ ಹಾಗೇ ಹೆದರಿದ್ದೀಯೆ ಅಮ್ಮ.

ಈಗ ಮುಖ್ಯ ವಿಷಯ. ಯಜಮಾನರ ವಕೀಲರು ಕೋರ್ಟಿಗೆ ಉತ್ತರ ಬರೆದುಕೊಟ್ಟಿದ್ದಾರೆ. ಏನೆಂದರೆ, ಸರ್ಕಾರ ಎನ್ನುವುದು ಜನರ ಒಪ್ಪಂದ. ಎಲ್ಮ್‌ಫೋರ್ಡಿನ ಸಭೆಯಲ್ಲಿ ಆ ಮೊದಲ ಕಲಮಿಗೆ ಒಂದು ಕೈ ವಿರೋಧ ಬಂದಿತ್ತು, ಆ ಕೈ ಸ್ಕ್ವೈರ್ ಥರ್ಲೋ ಅವರದು. ಒಪ್ಪದೇ ಇದ್ದವನ ಸ್ವತ್ತನ್ನು ಅದೇ ಕಲಮು ತೋರಿಸಿ ಕಿತ್ತುಕೊಳ್ಳುವುದು ಯಾವ ಸ್ವಾತಂತ್ರ್ಯ?

ಹೌದು, ಅವರದೇ ಕೈ ಅಂತೆ.

ಕಾನೂನಿನಲ್ಲಿ ಈ ವಾದ ನಿಲ್ಲುವುದಿಲ್ಲ, ಹೆಚ್ಚು ಕೈ ಎದ್ದದ್ದು ಎಲ್ಲರಿಗೂ ಕಾನೂನು ಎನ್ನುತ್ತಾರೆ ಬೀಮನ್. ಆದರೆ ಜ್ಯೂರಿಯವರು ರೈತರು. ಒಬ್ಬನೇ ನಿಂತು ಬೇಡವೆಂದ ಗಂಡಸಿನ ಮೇಲೆ ಅವರಿಗೆ ಕರುಳು ಕರಗುತ್ತದೆ. ಎಲ್ಮ್‌ಫೋರ್ಡಿನಿಂದ ಬಂದು ನಿಜ ಹೇಳುವವರಿಲ್ಲ. ಯಾರಿಗೂ ಕಂಡಿಲ್ಲ. ಕಂಡ ಹಾಬ್ಸ್ ಯಜಮಾನರ ಗಿರಣಿಯಲ್ಲಿ ದುಡಿಯುವವನು. ಇದೇ ಒಂದು ಮುಳ್ಳು ಎಂದು ಬೀಮನ್ನರು ತಲೆ ಹಿಡಿದು ಕೂತಿದ್ದ ದಿನವೇ ನಿನ್ನ ಕಾಗದ ಬಂತು.

ನಿನ್ನ ಅನುಮತಿ ಇಲ್ಲದೆ ಅವರಿಗೆ ತೋರಿಸಿಲ್ಲ. ತೋರಿಸಲೇ?

ಕೆಟೂರಾ


ಎಲ್ಮ್‌ಫೋರ್ಡ್
ಜೂನ್ ೧೧, ೧೭೮೧

ಬೇಡ ಬೇಡ ಬೇಡ. ಸುಟ್ಟುಹಾಕು. ನಾನು ಏನೂ ನೋಡಿಲ್ಲ. ವಯಸ್ಸಾದವಳು, ಕಣ್ಣು ಮಂಜು. ಬರೆದದ್ದೆಲ್ಲ ನಿನ್ನನ್ನು ನಗಿಸಲು ಬರೆದ ಕಥೆ.

ನಿನ್ನ ಕಾಗದದ ಅರಗು ಒಡೆದಿತ್ತು! ಯಾರೋ ತೆರೆದು ಓದಿದ್ದಾರೆ. ಈನಸನನ್ನು ಕೇಳಿದರೆ "ಅದಾ, ನಾನೇ ಅದರ ಮೇಲೆ ಕೂತ್ಬಿಟ್ಟಿದ್ದೆ ಅಕ್ಕ, ನನ್ನ ಭಾರಕ್ಕೆ ಕುದುರೇನೇ ಅಳುತ್ತೆ, ಅರಗು ಯಾವ ಲೆಕ್ಕ" ಎಂದು ಹಲ್ಲು ಕಿರಿಯುತ್ತಾನೆ. ನಂಬಲೋ ಬಿಡಲೋ ತಿಳಿಯುತ್ತಿಲ್ಲ.

ಯಾಕೆಂದರೆ ಅದೇ ಸಂಜೆ ಯಜಮಾನರು ಅಡುಗೆಮನೆಗೆ ಬಂದರು. ಅವರು ಅಡುಗೆಮನೆಗೆ ಬರುವವರಲ್ಲ. ಉಪ್ಪಿನ ಡಬ್ಬಿ ಎತ್ತಿ ನೋಡಿ ಇಟ್ಟರು. "ಆಲ್ಬನಿಯಲ್ಲಿ ನನ್ನ ತಮ್ಮನ ಮನೇಲಿ ಅಡಿಗೆಯವಳಿಲ್ಲ, ಟಾಮಾರ್. ದೊಡ್ಡ ಅಡುಗೆಮನೆ. ನೀನು ಅಲ್ಲಿ ಸುಖವಾಗಿರ್ತೀಯ" ಎಂದರು. ಆಲ್ಬನಿ ಎಂದರೆ ನ್ಯೂಯಾರ್ಕಿನ ಗಡಿಯಾಚೆ. ಅಲ್ಲಿ ಈ ಕಲಮೂ ಇಲ್ಲ, ಬೀಮನ್ನರೂ ಇಲ್ಲ. ಗಡಿ ದಾಟಿಸಿದ ನಮ್ಮವರು ಯಾರಾದರೂ ತಿರುಗಿ ಬಂದದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿಲ್ಲ.

ನಿನ್ನನ್ನು ನೋಡದೆ ಸಾಯುತ್ತೇನೆ. ನನ್ನನ್ನು ಕೇಳಬೇಡ. ನನ್ನಿಂದ ಆಗುವುದಿಲ್ಲ ಕೆಟೂ. ಮೆಟ್ಟಿಲು ಕಿರ್ ಎನ್ನುತ್ತದೆಂದು ಇಡೀ ದಿನ ಹಸಿದು ಕೂತವಳು ನಾನು.

ಟಾ.


ಹಾರ್ಲೋ
ಜುಲೈ ೨೩, ೧೭೮೧

ಅಮ್ಮಾ,

ನಿನ್ನ ಮೇ ತಿಂಗಳ ಕಾಗದವನ್ನು ಸುಟ್ಟೆ. ಈ ಸಲ ನಿಜವಾಗಿ. ಬೀಮನ್ನರು ಅದನ್ನು ಓದಲಿಲ್ಲ.

ಒಬ್ಬಳಿದ್ದಾಳೆ, ಅವಳಿಗೆ ಗೊತ್ತಿರಬಹುದು ಎಂದಷ್ಟೇ ಹೇಳಿದೆ. ಅವರು ಕೂಡಲೇ, "ಯಾರು ಹೇಳು. ಶೆರೀಫ್ ಕೈಲಿ ಸಮನ್ಸ್ ಕಳಿಸ್ತೀನಿ, ಬರ್ಲೇಬೇಕಾಗುತ್ತೆ" ಎಂದರು. ನಾನು ಹೆಸರು ಹೇಳಲಿಲ್ಲ. "ಅವಳ ಒಪ್ಪಿಗೆ ಇಲ್ಲ ಸ್ವಾಮಿ" ಎಂದೆ. "ಅಯ್ಯೋ ಹುಚ್ಚಿ, ಸಾಕ್ಷಿಗೆ ಒಪ್ಪಿಗೆ ಯಾತಕ್ಕೆ? ನಿನ್ನ ಬದುಕಿನ ಪ್ರಶ್ನೆ ಇದು!" ಎಂದು ಮೇಜು ಗುದ್ದಿದರು. ನಾನು ಕೋರ್ಟಿನಲ್ಲಿ ಕೇಳುತ್ತಿರುವುದೇ ಅದೊಂದನ್ನು ಅಮ್ಮ, ಒಪ್ಪಿಗೆ ಇಲ್ಲದೆ ನನ್ನನ್ನು ಯಾರೂ ಎಳೆದಾಡಬಾರದು ಎಂದು. ನಿನ್ನನ್ನು ಎಳೆದು ತಂದು ಅದನ್ನು ಗೆದ್ದರೆ ನನ್ನ ಕೈಗೆ ಬಂದದ್ದೇನು? ಹೆಸರು ಬಿಟ್ಟು ಅವರಿಗೂ ಇದನ್ನೇ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ವಿಚಾರಣೆ ಆಗಸ್ಟ್ ಇಪ್ಪತ್ತೆರಡಕ್ಕೆ. ನನಗೂ ಭಯವಿದೆ. ನಿನಗೆ ಹೇಳಿರಲಿಲ್ಲ. ಸೋತರೆ ಅಂದೇ ಯಜಮಾನರ ಬಂಡಿಯಲ್ಲಿ ಹತ್ತಬೇಕು. ಆ ಬಂಡಿ ಎಲ್ಮ್‌ಫೋರ್ಡಿನ ಕಡೆ ತಿರುಗುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ. ನನ್ನ ಕೆಂಪು ಶಾಲು ನೀನು ಹೊದ್ದುಕೊ, ಪೆಟ್ಟಿಗೆಯಲ್ಲಿ ಹುಳ ಹಿಡಿಯುತ್ತದೆ.

ನಿನ್ನ ಮೇಲೆ ಕೋಪವಿಲ್ಲ. ಒಂದಿಷ್ಟೂ ಇಲ್ಲ.

ಕೆಟೂರಾ


ಎಲ್ಮ್‌ಫೋರ್ಡ್
ಆಗಸ್ಟ್ ೧೯, ೧೭೮೧

ಮಗಳೇ,

ಇದನ್ನು ಯಾವಾಗ ಓದುತ್ತೀಯೋ, ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತೀಯೋ ಗೊತ್ತಿಲ್ಲ. ಬರೆಯದಿದ್ದರೆ ಮನಸ್ಸು ಬದಲಾಗುತ್ತದೆ ಎಂದು ಬರೆಯುತ್ತಿದ್ದೇನೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲಾರದೆ ಹೋದೆ. ನೀನು ಬೈದಿದ್ದರೆ, ಅತ್ತಿದ್ದರೆ ಒಂದು ದಾರಿ ಇತ್ತು. ಕೋಪವಿಲ್ಲ ಎಂದುಬಿಟ್ಟೆ. ಶಾಲು ಹೊದ್ದುಕೊ ಎಂದುಬಿಟ್ಟೆ. ಅದನ್ನು ಪೆಟ್ಟಿಗೆಯಿಂದ ತೆಗೆದೆ, ಮತ್ತೆ ಇಟ್ಟೆ.

ನಿನ್ನೆ ಊಟವಾದ ಮೇಲೆ ಯಜಮಾನರು ನನ್ನನ್ನು ಓದುವ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ. "ಇಲ್ಲೊಂದು ಗುರುತು ಹಾಕು ಟಾಮಾರ್. ನೀನು ಆಲ್ಬನಿಗೆ ಹೋಗ್ತಿದ್ದೀಯ ಅಂತ, ಅಷ್ಟೇ" ಎಂದರು. ನನಗೆ ಓದಲು ಬರುತ್ತದೆಂದು ಅವರಿಗೆ ಗೊತ್ತಿಲ್ಲವಲ್ಲ. ತಲೆ ತಗ್ಗಿಸಿ ನಿಂತ ಹಾಗೆಯೇ ಓದಿದೆ. ಟಾಮಾರ್ ಎಂಬ ನಾನು, ನನ್ನ ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ, ಪೂರ್ಣ ಒಪ್ಪಿಗೆಯಿಂದ ಹೋಗುತ್ತಿದ್ದೇನೆ ಎಂದಿತ್ತು.

ಒಪ್ಪಿಗೆ ಎಂದಿತ್ತು ಕೆಟೂ! ನನ್ನದು! ನನ್ನನ್ನು ಈ ಮನೆಗೆ ತಂದಾಗ ಕೇಳಲಿಲ್ಲ. ನಿನ್ನ ಅಣ್ಣನನ್ನು ತೊಟ್ಟಿಲಿಂದ ಎತ್ತಿ ಬೇರೆ ಮನೆಗೆ ಕೊಟ್ಟಾಗ ಕೇಳಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಅದು ಅವರಿಗೆ ಯಾಕೆ ಬೇಕಾಯಿತು? ಅದಿಲ್ಲದೆ ನನ್ನನ್ನು ಗಡಿ ದಾಟಿಸಲು ಅವರಿಗೆ ಧೈರ್ಯ ಸಾಲುತ್ತಿಲ್ಲ. ಅಷ್ಟು ಹೊತ್ತಿಗೆ ಅವರು ಗರಿಲೇಖನಿಯನ್ನು ನನ್ನ ಕಡೆ ಚಾಚಿದರು. ಆ ಗರಿಯ ತುದಿ ನಡುಗುತ್ತಿತ್ತು.

ಭಯ ನನಗೆ ಗೊತ್ತು. ಬೇರೆ ಯಾವ ವಿದ್ಯೆಯೂ ನನಗೆ ಪೂರ್ತಿ ಬರುವುದಿಲ್ಲ, ಇದೊಂದು ಬರುತ್ತದೆ. ಹೆದರಿದ ಕೈಯನ್ನು ಎಷ್ಟು ದೂರದಿಂದ ಬೇಕಾದರೂ ಗುರುತಿಸಬಲ್ಲೆ. ಸ್ಕ್ವೈರ್ ಥರ್ಲೋ ನನಗೆ ಹೆದರಿದ್ದಾರೆ.

"ಬೆರಳು ಸುಟ್ಟಿದೆ ಸ್ವಾಮಿ, ಹಿಡಿಯೋಕಾಗಲ್ಲ. ನಾಳಿದ್ದು ಹಾಕ್ತೀನಿ" ಎಂದೆ. ಎಲ್ಲಿತ್ತೋ ಆ ಸುಳ್ಳು, ಬಂದುಬಿಟ್ಟಿತು.

ನಾಳೆ ಬೆಳಿಗ್ಗೆ ಈನಸನ ಗಾಡಿ ಹೊರಡುತ್ತದೆ. "ಬಾಣಲೆಗಳ ಮಧ್ಯೆ ಕೂತ್ಕೊ ಅಕ್ಕ, ಕಮಕ್ ಕಿಮಕ್ ಅನ್ಬೇಡ" ಎಂದಿದ್ದಾನೆ. ನಿನ್ನ ಶಾಲು ಹೊದ್ದಿದ್ದೇನೆ. ದಾರಿಯಲ್ಲಿ ಇಳಿದು ಓಡಿ ಬಂದುಬಿಡುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಧೈರ್ಯ ಬಂದಿದೆ ಎಂದುಕೊಳ್ಳಬೇಡ. ಬಂದಿಲ್ಲ. ಇಲ್ಲದೆಯೇ ಬರುತ್ತಿದ್ದೇನೆ.

ಯಾರೂ ಕರೆಸಲಿಲ್ಲ ಎಂದು ನಿನ್ನ ವಕೀಲರಿಗೆ ಹೇಳು.

ಅಮ್ಮ


ಹಾರ್ಲೋ
ಅಕ್ಟೋಬರ್ ೮, ೧೭೮೧

ಶ್ರೀಮತಿ ಥರ್ಲೋ ಅಮ್ಮನವರಿಗೆ,

ನನಗೆ ಬರೆಯಲು ಬರುತ್ತದೆಂದು ನೋಡಿ ನಿಮಗೆ ಗಾಬರಿಯಾಗಬಹುದು. ಕ್ಷಮಿಸಿ. ನಿಮ್ಮ ಅತ್ತೆಯವರು ಕಲಿಸಿದ್ದು. ಅವರನ್ನು ಬೈಯಬೇಡಿ.

ಹೇಳದೆ ಬಂದೆ. ಬ್ರೆಡ್ ಉಬ್ಬಿಸುವ ಹುಳಿಹಿಟ್ಟು ನೆಲಮಾಳಿಗೆಯ ಎಡಗಡೆ ಮೂಲೆಯಲ್ಲಿದೆ, ಎರಡು ದಿನಕ್ಕೊಮ್ಮೆ ಹಿಟ್ಟು ಹಾಕದಿದ್ದರೆ ಸತ್ತುಹೋಗುತ್ತದೆ. ಈ ಹೊತ್ತಿಗೆ ಸತ್ತಿರಬೇಕು. ಅದೇ ಯೋಚನೆ ನನಗೆ. ಇಸ್ತ್ರಿಪೆಟ್ಟಿಗೆಯ ಹಿಡಿ ಸಡಿಲವಾಗಿದೆ, ಹೊಸ ಹುಡುಗಿಗೆ ಹುಷಾರು ಹೇಳಿ.

ಕೋರ್ಟಿನಲ್ಲಿ ನಡೆದದ್ದನ್ನು ಯಜಮಾನರು ಬೇರೆ ಥರ ಹೇಳಿರಬಹುದು. ನಿಮ್ಮ ಉಪ್ಪು ತಿಂದವಳು, ನನ್ನ ಬಾಯಿಂದಲೂ ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ನಿಮ್ಮ ಕಡೆಯ ವಕೀಲರು ಜೋರು ಮನುಷ್ಯ. "ಇಡೀ ದಿನ ಮೇಲೆ ಅವಿತು ಕೂತಿದ್ಯಾ? ಯಾಕೆ?" ಎಂದರು. ಹೆದರಿಕೆಯಾಯಿತು ಎಂದೆ. "ಯಾರಿಗೆ ಹೆದರಿಕೆ?" ಎಲ್ಲರಿಗೂ ಎಂದೆ. ಜನ ನಕ್ಕರು. "ಈಗಲೂ ಹೆದರಿದ್ದೀಯಾ?" ಹೌದು ಸ್ವಾಮಿ, ನಿಮಗೇ ಹೆಚ್ಚು ಎಂದೆ. ಮತ್ತೆ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. "ಹೆದರಿ ನಡುಗ್ತಿದ್ದವಳಿಗೆ ಅಷ್ಟು ಕೈಗಳಲ್ಲಿ ಯಾವ್ದು ಯಾರ ಕೈ ಅಂತ ಹೇಗೆ ಗೊತ್ತಾಯ್ತಮ್ಮ?" ಎಂದು ಜ್ಯೂರಿಯ ಕಡೆ ತಿರುಗಿ ಕೈ ಕಟ್ಟಿ ನಿಂತರು.

ಹೆದರಿದ್ದಕ್ಕೇ ಗೊತ್ತಾಯಿತು ಸ್ವಾಮಿ ಎಂದೆ. ಅಂಗಿಯ ಕಲೆಯ ವಿಷಯ ಹೇಳಿದೆ. ಬಲಗೈ ಮುಂಗೈಪಟ್ಟಿಯಲ್ಲಿ, ಹೆಬ್ಬೆರಳಿನ ಕಡೆ, ಓಕ್ ಎಲೆಯಷ್ಟು ಎಂದೆ. ಒಪ್ಪುವವರು ಎಂದಾಗ ಎದ್ದದ್ದು ಆ ಕೈ. ಒಪ್ಪದವರು ಎಂದಾಗ ಎದ್ದದ್ದು, ಪಾಪ, ಗಿಡಿಯನ್ ಪ್ರ್ಯಾಟ್ ಅವರದು, ನಿದ್ದೆಗಣ್ಣಿನಲ್ಲಿ. ತೀರಿಕೊಂಡವರ ಮೇಲೆ ನ್ಯಾಯಸ್ಥಾನದಲ್ಲಿ ಸುಳ್ಳು ಹೇಳಿದರೆ ನನಗೆ ಒಳ್ಳೆಯದಾಗುತ್ತದೆಯೇ?

ಆಗ ಯಜಮಾನರು ಕೂತಲ್ಲೇ ಎಡಗೈಯಿಂದ ಬಲಗೈಯ ಕೋಟಿನ ತೋಳನ್ನು ಕೆಳಗೆ ಎಳೆದುಕೊಂಡರು. ಆ ದಿನ ಅವರು ಹಾಕಿದ್ದದ್ದು ಬೇರೆ ಅಂಗಿ ಅಮ್ಮನವರೇ, ಹೊಸದು, ಅದರಲ್ಲಿ ಕಲೆಯೇ ಇರಲಿಲ್ಲ. ಆದರೂ ಎಳೆದುಕೊಂಡರು. ಜ್ಯೂರಿಯ ಹನ್ನೆರಡೂ ಜನ ನೋಡಿದರು. ಈ ಸಲ ಯಾರೂ ನಗಲಿಲ್ಲ.

ಜ್ಯೂರಿಯವರು ಒಳಗೆ ಹೋಗಿ ಬಂದು ಕೆಟೂರಾ ಹುಟ್ಟಿನಿಂದ ಸ್ವತಂತ್ರಳು ಎಂದರು. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಬಂದು ನನ್ನ ಕೈಯನ್ನು ಕಂಬಿಯಿಂದ ಬಿಡಿಸಬೇಕಾಯಿತು.

ನಾನು ತಿರುಗಿ ಬರುವುದಿಲ್ಲ. ಮಗಳಿಗೆ ಸೇರುವ ಮಾತು ಅವಳನ್ನು ಹೆತ್ತವಳಿಗೆ ಸೇರದೆ ಹೋಗುತ್ತದೆಯೇ ಎಂದು ಬೀಮನ್ ಹೇಳುತ್ತಾರೆ. ಯಜಮಾನರು ನನ್ನನ್ನು ತಮ್ಮ ಸ್ವತ್ತೆಂದು ಬಂದು ಕೇಳಿದರೆ ನನಗೂ ಅದೇ ಜ್ಯೂರಿಯಂತೆ. ಆದರೂ ದಾರಿಯಲ್ಲಿ ಬಂಡಿಯ ಸದ್ದಾದರೆ ನಾನು ಕಿಟಕಿಯಿಂದ ಸರಿದು ನಿಲ್ಲುತ್ತೇನೆ. ಹೋದ ವಾರ ಈ ಊರಿನ ಕಾನ್‌ಸ್ಟೇಬಲ್ ಬಂದು ಊರು ಬಿಟ್ಟು ಹೋಗಬೇಕೆಂದು ನಮ್ಮಿಬ್ಬರ ಹೆಸರಿಗೆ ಚೀಟಿ ಕೊಟ್ಟ. ನಾನು ಗಂಟು ಕಟ್ಟಿಬಿಟ್ಟೆ. ಹೊಸದಾಗಿ ಬರುವ ಬಡವರಿಗೆಲ್ಲ ಕೊಡುತ್ತಾರಂತೆ, ನಾಳೆ ಗತಿಯಿಲ್ಲದೆ ಬಿದ್ದರೆ ಊರಿನವರು ಅನ್ನ ಹಾಕಬೇಕಾಗಬಾರದು ಎಂದು. ಚೀಟಿ ಕೊಟ್ಟವನೇ "ಇದು ರೂಢಿ ಕಣಮ್ಮ, ಯಾರೂ ಹೋಗಲ್ಲ" ಎಂದ. ಗಂಟನ್ನು ಇನ್ನೂ ಬಿಚ್ಚಿಲ್ಲ.

ಕೆಟೂರಾ ಬಟ್ಟೆ ಹೊಲಿಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ಹುಷಾರಾಗಿ ಮಾಡುತ್ತೇನೆ.

ಒಂದು ಬೇಡಿಕೆ ಇದೆ. ಪ್ರಾರ್ಥನಾಮಂದಿರದ ಮೆಟ್ಟಿಲ ಕೆಳಗೆ ನನ್ನ ಗಂಡ ಕಟ್ಟಿದ ಪೊರಕೆ ಇದೆ. ಅದನ್ನು ಈನಸನ ಗಾಡಿಯಲ್ಲಿ ಕಳಿಸಿಕೊಡಿ. ಇಲ್ಲಿನ ಮಂದಿರ ಗುಡಿಸುವ ಕೆಲಸ ಸಿಕ್ಕಿದೆ, ಬೇರೆ ಪೊರಕೆ ನನ್ನ ಕೈಗೆ ಹೊಂದುವುದಿಲ್ಲ.

ಇಲ್ಲೂ ನಮಗೆ ಅಟ್ಟಣಿಗೆಯಲ್ಲೇ ಜಾಗ. ಸ್ವತಂತ್ರರಾದರೂ ಅಲ್ಲೇ ಅಂತೆ. ಮುಂದಿನ ತಿಂಗಳು ಊರಸಭೆ ಸೇರುತ್ತದೆ, ಅಂದು ಅಲ್ಲಿ ಕೂರಲೇ ಎಂದು ಪಾದ್ರಿಗಳನ್ನು ಕೇಳಿದೆ. "ಹೆಂಗಸರಿಗೇನಮ್ಮ ಅಲ್ಲಿ ಕೆಲಸ? ಕೈ ಎತ್ತೋಕೆ ನಿನಗಂತೂ ಆಗಲ್ಲ" ಎಂದರು. ಎತ್ತುವುದಿಲ್ಲ ಸ್ವಾಮಿ, ಸುಮ್ಮನೆ ಕೂತಿರುತ್ತೇನೆ ಎಂದೆ.

ಮೇಲಿಂದ ಎಲ್ಲರ ಕೈಯೂ ಕಾಣುತ್ತದೆ ಅಮ್ಮನವರೇ.

ಇಂತಿ,
ಟಾಮಾರ್